ಬುತ್ತಿಮಾತು

ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, "ಅಲ್ರೀ, ಕರೆಂಟ್ ಯಾಕ ತೆಗೀತಿದ್ರಿ?" ಸಂತೆಯಲ್ಲಿ ಕೊತ್ತಂಬರಿ ಮಾರುವವಳೂ ಕೇಳಿದ್ದಾಳೆ, ನನ್ನ ಬೀಗಿತ್ತಿಯೂ ಕೇಳಿದ್ದಾಳೆ. ತೆಗೆದ ಕೈಯೇ ಮತ್ತೆ ಹಾಕುತ್ತಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಈಗ ನಿವೃತ್ತಳಾಗಿ ರಾಯಚೂರಿನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ಚಹಾ ಕುಡಿದ ಮೇಲೆ ಕೈಗೆ ಕೆಲಸವಿರುವುದಿಲ್ಲ. ಈ ವೃತ್ತಿಗೆ ಹೊಸದಾಗಿ ಬರುತ್ತಿರುವ ಮಕ್ಕಳಿಗೆ ನಾಲ್ಕು ಮಾತು ಬರೆದಿಡೋಣ ಅನ್ನಿಸಿತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಎಲ್ಲರ ನೌಕರಿಯಲ್ಲೂ ಒಂದೇ ತರಹ. ನಾನು ಹೇಳುವುದು ಕರೆಂಟ್ ತೆಗೆಯುವುದಕ್ಕೂ ಹಾಕುವುದಕ್ಕೂ ನಡುವಿನ ಹೊತ್ತಿನ ಬಗ್ಗೆ. ಆ ಹೊತ್ತಿನಲ್ಲಿ ಒಬ್ಬ ಮನುಷ್ಯ ಕಂಬದ ಮೇಲಿರುತ್ತಾನೆ.

ಗೊತ್ತಿಲ್ಲದವರಿಗಾಗಿ ಮೊದಲು ಕೆಲಸದ ರೀತಿ ಹೇಳಿಬಿಡುತ್ತೇನೆ. ಲೈನ್‌ಮ್ಯಾನ್ ತಂತಿ ಮುಟ್ಟುವ ಮುಂಚೆ ನಮ್ಮನ್ನು ಕೇಳುತ್ತಾನೆ. ನಾವು ಆ ಕಡೆ ಹೋಗುವ ಲೈನಿನ ಸ್ವಿಚ್ಚು ತೆಗೆದು, ಅದಕ್ಕೆ 'ಕೆಲಸ ನಡೆದಿದೆ, ಸ್ವಿಚ್ಚು ಹಾಕಬೇಡಿ' ಎಂಬ ಬೋರ್ಡು ತೂಗುಹಾಕಿ, "ಹತ್ತಪಾ" ಅನ್ನುತ್ತೇವೆ. ಇದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು, ನಮ್ಮ ಬಾಯಲ್ಲಿ ಎಲ್‌ಸಿ. ಕೆಲಸ ಮುಗಿದ ಮೇಲೆ ಅವನು ಇಳಿದು, ಲೈನನ್ನು ನಮಗೆ ವಾಪಸ್ ಕೊಡುತ್ತಾನೆ. ಪುಸ್ತಕದ ನಿಯಮ ಇಷ್ಟೇ: ಎಲ್‌ಸಿ ತಗೊಂಡವರೇ ವಾಪಸ್ ಕೊಡಬೇಕು. ಓದಲು ಸುಲಭ. ಆದರೆ ಫೋನಿನ ಆ ತುದಿಯಲ್ಲಿ ಮಾತನಾಡುತ್ತಿರುವುದು ಅವನೇ ಹೌದೋ ಅಲ್ಲವೋ ಎಂದು ತಿಳಿಯುವ ಉಪಾಯವನ್ನು ಪುಸ್ತಕ ಬರೆದವರು ಹೇಳಿರಲಿಲ್ಲ.

ನನ್ನ ಮೊದಲ ನೌಕರಿ ದೇವದುರ್ಗದ ಕಡೆ. ಐಟಿಐ ಮುಗಿಸಿದ ಹುಡುಗಿ, ಕುರಿ ಕಾಯುವವರ ಮನೆಯಿಂದ ಬಂದವಳು. ಹೊರಡುವ ದಿನ ನಮ್ಮಪ್ಪ, "ಕರೆಂಟು ಅಂದ್ರ ಏನವಾ? ಕಾಣ್ತದೇನು?" ಎಂದು ಕೇಳಿದ್ದ. "ಕಾಣಂಗಿಲ್ಲಪ್ಪ" ಅಂದೆ. "ಕಾಣದ್ದನ್ನ ಕಾಯೋದು ಹ್ಯಾಂಗ ಬೇ?" ಎಂದು ಅವನಿಗೆ ಚಿಂತೆ.

ಸ್ಟೇಷನ್ನಿಗೆ ಹೋಗಿ ನೋಡಿದರೆ ಅಂಗಳದ ತುಂಬ ಜಲ್ಲಿಕಲ್ಲು, ಒಂದು ಬೇವಿನ ಮರ, ಇಡೀ ದಿನ ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರು. ಅಲ್ಲಿಯ ಹಿರಿಯ ಆಪರೇಟರು ಖಾದರ್ ಸಾಬ್. ನಾನು ಬರುತ್ತೇನೆಂದು ತಿಳಿದ ಕೂಡಲೇ ಸಾಮಾನಿನ ಕೋಣೆ ಖಾಲಿ ಮಾಡಿಸಿ, ಒಳಗಿನಿಂದ ಹಾಕಿಕೊಳ್ಳಲು ಚಿಲಕವನ್ನು ತಾವೇ ಬಡಿದಿದ್ದರು. "ಹೆಣ್ಣುಮಗಳು ಬರ್ತಾಳಂದ್ರ ಮೊದ್ಲು ಚಿಲಕ ಬೇಕು, ಆಮ್ಯಾಲ ಕುರ್ಚಿ" ಎಂಬುದು ಅವರ ಲೆಕ್ಕ. ಗೋಡೆಯ ಮೇಲೆ ಕಂಪನಿಯವರು ಗಾಜು ಹಾಕಿಸಿ ಕಳಿಸಿದ ಫಲಕವೊಂದಿತ್ತು. ಸುರಕ್ಷತೆ, ಪ್ರಾಮಾಣಿಕತೆ, ಸೇವೆ, ಇವು ನಮ್ಮ ಮೌಲ್ಯಗಳು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಖಾದರ್ ಸಾಬರು ದಿನಾ ಟವೆಲಿನಿಂದ ಅದರ ಧೂಳು ಒರೆಸುತ್ತಿದ್ದರು, ಓದಿದ್ದನ್ನು ನಾನು ಕಾಣಲಿಲ್ಲ.

ಕೆಲಸ ಕಲಿಯುತ್ತಿದ್ದ ಆ ಮೊದಲ ದಿನಗಳಲ್ಲೇ ಒಂದು ಮಧ್ಯಾಹ್ನ ಫೋನು ಬಂತು. ಆಗಿನ ಫೋನಿನಲ್ಲಿ ಮಾತಿಗಿಂತ ಗರಗರ ಸದ್ದೇ ಹೆಚ್ಚು.

"ನಾನ್ರೀ ಸಾಬ್, ಹನುಮಂತ. ಕೆಲಸ ಮುಗೀತು. ಲೈನ್ ವಾಪಸ್ ತಗೋರಿ."

ಖಾದರ್ ಸಾಬರು ಬೋರ್ಡು ತೆಗೆದು ಸ್ವಿಚ್ಚಿಗೆ ಕೈ ಹಾಕಿದರು. ಊಟದ ಹೊತ್ತು, ಅವರಿಗೂ ಹಸಿವಾಗಿತ್ತೇನೋ, ಸುಮ್ಮನೆ ಕೇಳಿದರು, "ಉಂಡೇನಪಾ? ಬುತ್ತಿಗಿ ಏನ್ ತಂದೀ?"

"ಪುಂಡಿಪಲ್ಯ ರೊಟ್ಟಿ ರೀ."

ಅವರ ಕೈ ನಿಂತುಬಿಟ್ಟಿತು. ಆ ಲೈನಿಗೆ ಹೋದ ಹನುಮಂತ ಮುಂಜಾನೆ ಗೇಟಿನ ಹತ್ತಿರ ನಿಂತು, ಹೆಂಡತಿ ಎಣ್ಣೆಗಾಯಿ ಬದನೆಕಾಯಿ ಕಟ್ಟಿದ್ದಾಳೆ ಎಂದು ನಮಗೆಲ್ಲ ಹೇಳಿ ಜಂಬ ಕೊಚ್ಚಿಕೊಂಡು ಹೋಗಿದ್ದ.

"ನೀ ಯಾ ಹನುಮಂತಪಾ?"

"ಜಾಲಹಳ್ಳಿ ಕಡಿ ಹನುಮಂತ್ರೀ."

ಜಾಲಹಳ್ಳಿ ಕಡೆಯದು ಬೇರೆ ಲೈನು. ಆ ಹನುಮಂತನಿಗೆ ಎಲ್‌ಸಿ ಕೊಟ್ಟವರು ಹಿಂದಿನ ಪಾಳಿಯವರು. ಸಾಬರ ತಲೆಯಲ್ಲಿದ್ದದ್ದು ಒಬ್ಬನೇ ಹನುಮಂತ, ಬದನೆಕಾಯಿಯವನು. ಅವನಿನ್ನೂ ಕಂಬದ ಮೇಲಿದ್ದ.

ಖಾದರ್ ಸಾಬರು ಬೋರ್ಡನ್ನು ಮತ್ತೆ ತೂಗುಹಾಕಿ, ಬೇವಿನ ಮರದ ಕೆಳಗೆ ಹೋಗಿ ಕೂತರು. ನಾನು ನೀರು ಒಯ್ದು ಕೊಟ್ಟೆ. ಕುಡಿದು, "ಬೇಟೀ, ನಮ್ಮ ಸೀಮ್ಯಾಗ ಊರಿಗೊಂದು ಹನುಮಪ್ಪನ ಗುಡಿ, ಮನಿಗೊಬ್ಬ ಹನುಮಂತ. ಹೆಸರು ನಂಬಿದ್ರ ಕೆಟ್ಟೆವು. ಹೆಸರು ಅಪ್ಪ ಇಡ್ತಾನ, ಸಾಯೂತನಾ ಒಂದೇ ಇರ್ತದ. ಬುತ್ತಿ ದಿನಾ ಬದಲಾಗ್ತದ" ಎಂದರು.

ಮರುದಿನದಿಂದ ಪದ್ಧತಿ ಶುರುವಾಯಿತು. ಲೈನಿಗೆ ಹೋಗುವವರು ಮುಂಜಾನೆ ಬುತ್ತಿಯಲ್ಲಿ ಏನಿದೆ ಎಂದು ಹೇಳಿ ಹೋಗಬೇಕು. ಲೈನು ವಾಪಸ್ ಕೊಡುವಾಗ ನಾವು ಕೇಳುತ್ತೇವೆ, ಅದನ್ನೇ ಹೇಳಬೇಕು. ಮೇಲಿನವರ ಆದೇಶವಲ್ಲ, ಯಾರೂ ಸಹಿ ಮಾಡಿದ್ದಲ್ಲ. ಮೊದಲು ಲೈನ್‌ಮ್ಯಾನ್‌ಗಳು ನಕ್ಕರು. "ಸಾಬ್‌ಗೆ ವಯಸ್ಸಾತು, ಬಾಯಿ ಚಪಲ" ಅಂದರು. ಬದನೆಕಾಯಿ ಹನುಮಂತ ಮಾತ್ರ ನಗಲಿಲ್ಲ. ಅವನು ಪಗಾರದ ದಿನ ಸಾಬರ ಮನೆಗೆ ಒಂದು ಚೀಲ ಬದನೆಕಾಯಿ ಕಳಿಸಿದ.

ಗುರುತು ಹಿಡಿಯಲು ಹುಟ್ಟಿದ ಪ್ರಶ್ನೆ ನಿಧಾನವಾಗಿ ಬೇರೆಯ ಕೆಲಸಕ್ಕೂ ಬಂತು. ಸಾಬಣ್ಣ ಎಂಬ ಲೈನ್‌ಮ್ಯಾನ್ ಒಂದು ವಾರ ದಿನವೂ "ಪುಂಡಿಪಲ್ಯ" ಎಂದೇ ಹೇಳುತ್ತಿದ್ದ. ಖಾದರ್ ಸಾಬರು, "ಏನಲೇ, ತಾಲ್ಲೂಕಿನ ಪುಂಡಿ ಎಲ್ಲಾ ನಿಮ್ಮ ಮನ್ಯಾಗ ಬಂದು ಬಿದ್ದದೇನು?" ಎಂದು ಚೇಷ್ಟೆ ಮಾಡಿದರು. ಅವನು ಮುಖ ತಿರುಗಿಸಿದ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಬುತ್ತಿಯಲ್ಲಿ ಒಣರೊಟ್ಟಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಇದು ಹೇಗೋ ಸಾಬರ ಕಿವಿಗೆ ಬಿತ್ತು. ಮರುದಿನ ತಮ್ಮ ಡಬ್ಬಿಯ ಜೊತೆ ಇನ್ನೊಂದು ತಂದು, "ನಮ್ಮಾಕಿ ಅಳತಿ ತಪ್ಪಿ ಭಾಳ ಮಾಡ್ಯಾಳ, ಕೆಡತದ, ಒಯ್ಯಪಾ" ಅಂದರು. ಸಾಬಣ್ಣನ ಹೆಂಡತಿ ಕೂಸು ಎತ್ತಿಕೊಂಡು ವಾಪಸ್ ಬರುವವರೆಗೂ ಅವರ ಮನೆಯಾಕೆಗೆ ಅಳತೆ ತಪ್ಪುತ್ತಲೇ ಇತ್ತು.

ಒಬ್ಬ ಮನುಷ್ಯನ ಒಳ್ಳೆಯ ಗುಣ ಒಂದು ಆಫೀಸಿನ ಗುಣವಾಗುವುದು ಹೀಗೆ. ಅಲ್ಲಿಂದ ವರ್ಗವಾಗಿ ಹೊರಟಾಗ, ಈ ಗುಣವನ್ನು ಟ್ರಂಕಿನಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂದುಕೊಂಡಿದ್ದೆ.

ರಾಯಚೂರು ಪಟ್ಟಣಕ್ಕೆ ಬಂದಾಗ ಅದು ಮೊದಲ ವಾರದಲ್ಲೇ ಕೆಟ್ಟಿತು. ದೊಡ್ಡ ಸ್ಟೇಷನ್ನು, ಕಂತ್ರಾಟುದಾರರ ಕಡೆಯವರೂ ಸೇರಿ ದಿನಾ ಹೊಸ ಮುಖ. ನಾನು ನಿಷ್ಠೆಯಿಂದ, "ಬುತ್ತಿಗಿ ಏನ್ರೀ?" ಎಂದು ಕೇಳಿದೆ.

"ಬುತ್ತಿ ಎಲ್ಲೀದ್ರೀ ಅಕ್ಕಾರ? ಹೋಟೆಲ್. ಮಂಡಾಳ ಒಗ್ಗರಣಿ, ಮಿರ್ಚಿ."

ಎರಡನೆಯವನನ್ನು ಕೇಳಿದೆ. ಒಗ್ಗರಣಿ, ಮಿರ್ಚಿ. ಮೂರನೆಯವನದೂ ಅದೇ. ಊರಿಗೆ ಊರೇ ಒಂದೇ ಬಂಡಿಯಲ್ಲಿ ತಿನ್ನುತ್ತಿದ್ದರೆ ಬುತ್ತಿಯಿಂದ ಗುರುತು ಹಿಡಿಯುವುದು ಹೇಗೆ? ಅಲ್ಲಿ ನಾನು ದನಿ ಕಲಿತೆ. ಯಾರಿಗೆ ಮಾತಿನ ಕೊನೆಗೆ ಕೆಮ್ಮು, ಯಾರು 'ಹಲೋ'ಗೆ ಮೊದಲು ಮೂಗು ಏರಿಸುತ್ತಾರೆ, ಎಲ್ಲ.

ಅಲ್ಲಿಯ ಸಾಹೇಬರೊಬ್ಬರು ಬೈಗುಳಕ್ಕೆ ಹೆಸರಾದವರು. ಅವರ ಬಾಯಿಗೆ ಸಿಕ್ಕಿ ಅಳದವರಿಲ್ಲ, ನಾನೂ ಚಿಲಕ ಹಾಕಿಕೊಂಡು ಅತ್ತಿದ್ದೇನೆ. ಒಂದು ದಿನ ಯಾರೋ ಪುಢಾರಿ ಫೋನು ಮಾಡಿ, ಮದುವೆ ಮನೆ ಕತ್ತಲಾಗಿದೆ, ಈಗಿಂದೀಗ ಲೈನು ಹಾಕಿಸಿರಿ ಎಂದು ಜೋರು ಮಾಡಿದ. ಸಾಹೇಬರು ಮೆತ್ತಗೆ ಅಂದರು, "ಹಾಕಸ್ತೀನ್ರೀ. ನಮ್ಮ ಹುಡುಗ ಮ್ಯಾಲ ಇದ್ದಾನ. ನೀವು ಬಂದು ಅವನ ಬಾಜೂಕ ಕುಂದ್ರಿ, ನೀವು ಹ್ಞೂಂ ಅಂದ ಕೂಡ್ಲೆ ಹಾಕ್ತೀವಿ." ಅವರು ಬೈಯುವುದನ್ನು ಬಿಡಲಿಲ್ಲ. ನಾನು ಅಳುವುದನ್ನು ಬಿಟ್ಟೆ.

ಕೊನೆಯ ವರ್ಷಗಳು ಮಾನ್ವಿ ತಾಲ್ಲೂಕಿನ ಒಂದು ಸ್ಟೇಷನ್ನಿನಲ್ಲಿ. ಊರ ಹೆಸರು ಬೇಡ. ಅಲ್ಲಿ ಮನೆಯಿಂದ ಬುತ್ತಿ ತರುವವರೇ ಎಲ್ಲರೂ. ನನಗೆ ತವರಿಗೆ ಬಂದಷ್ಟು ಖುಷಿ. ಮೊದಲ ದಿನವೇ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬ ಹೆಸರುಕಾಳು ಅಂದ, ಇನ್ನೊಬ್ಬ ಝುಣಕ ಅಂದ. ಹಿರಿಯ ಲೈನ್‌ಮ್ಯಾನ್ ದೇವೇಂದ್ರಪ್ಪನವರು ಮಾತ್ರ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಹೊರಟುಹೋದರು. ಮರುದಿನವೂ ಹಾಗೇ. ಆ ಮರುದಿನ ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲಿಗೆ ಬಂದು ನಿಂತರು.

"ಅಕ್ಕಾರ, ಒಂದು ಮಾತು. ಸಿಟ್ಟು ಮಾಡಬ್ಯಾಡ್ರಿ."

"ಹೇಳ್ರಿ ದೇವಿಂದ್ರಪ್ಪ. ಒಳಗ ಬರ್ರಿ."

ಅವರು ಒಳಗೆ ಬರಲಿಲ್ಲ. "ಎಲ್ಲಾರ ಮುಂದ ಊಟ ಕೇಳಬ್ಯಾಡ್ರಿ. ನನ್ನ ಬುತ್ತ್ಯಾಗ ಏನದ ಅಂತ ಹೇಳಿದ್ರ ನಾ ಯಾ ಕೇರಿಯವ ಅಂತ ಹೇಳಿದಂಗ. ಸಣ್ಣಾಂವಿದ್ದಾಗ ಸಾಲ್ಯಾಗ ಕೇಳಿದ್ರು, ಹೇಳ್ದೆ. ಹುಡುಗ್ರು ಮೂಗು ಮುಚ್ಕೊಂಡು ನಕ್ಕರು. ಆಗಿಂದ ಯಾರ ಮುಂದೂ ಡಬ್ಬಿ ಮುಚ್ಚಳ ತೆಗದಿಲ್ರೀ. ಯಾ ಕಂಬ ಹತ್ತು ಅಂತೀರಿ, ಹತ್ತತೀನಿ. ಇದೊಂದು ಬಿಡ್ರಿ."

ನಮ್ಮ ಮನೆಯಲ್ಲಿ 'ಉಂಡ್ಯಾ?' ಎನ್ನುವುದೇ ನಮಸ್ಕಾರ. ಖಾದರ್ ಸಾಬರು ಪ್ರೀತಿಯಿಂದ ಕೇಳಿದ್ದು, ನಾನೂ ಪ್ರೀತಿಯಿಂದ ಕೇಳಿದ್ದು. ಅದೇ ಮಾತು ಈ ಮನುಷ್ಯನಿಗೆ ಮುಳ್ಳಾಗಿ ಚುಚ್ಚಿತ್ತು. ಎಲ್ಲರಿಗೂ ಒಳ್ಳೆಯದು ಎಂದು ನಾವು ಮಾಡುವ ಪದ್ಧತಿಯಲ್ಲಿ 'ಎಲ್ಲರೂ' ಇದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಹೊಸಬರಿಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತುಗಳಲ್ಲಿ ಇದೊಂದು.

ಮರುದಿನ ಮುಂಜಾನೆ ಎಲ್ಲರಿಗೂ ಹೇಳಿದೆ. "ಊಟದ ಸುದ್ದಿ ಬ್ಯಾಡ. ಹೋಗುವಾಗ ನಿಮಗ ತಿಳಿದಿದ್ದು ಒಂದು ಮಾತು ನನ್ನ ಕಿವ್ಯಾಗ ಹೇಳಿ ಹೋಗ್ರಿ. ಲೈನ್ ವಾಪಸ್ ಕೊಡುವಾಗ ಅದೇ ಮಾತು ಹೇಳ್ರಿ."

"ಎಂಥಾ ಮಾತ್ರೀ?"

"ಎಂಥಾದರೆ ಇರ್ಲಿ. ನೆನಪಿದ್ರ ಸಾಕು."

ಝುಣಕದ ಬುತ್ತಿಯ ಮಲ್ಲೇಶಿ ಅವತ್ತು "ಅತ್ತಿ ಬಂದಾಳ" ಎಂದು ಹೇಳಿ ಹೋದ. ಮಧ್ಯಾಹ್ನ ಫೋನಿನಲ್ಲಿ, "ಅತ್ತಿ ಹೋದ್ಳು" ಅಂದ. ನಾನು ಲೈನು ತಗೊಳ್ಳಲಿಲ್ಲ.

"ಅಕ್ಕಾರ, ಚ್ಯಾಷ್ಟಿ ಮಾಡಿದ್ನಿರೀ!"

"ಹಂಗಾದ್ರ ಹೊಳ್ಳಿ ಕರಕೊಂಡು ಬಾ ನಿಮ್ಮತ್ತೀನ."

"ಬಂದಾಳ್ರೀ ಯವ್ವಾ, ಬಂದಾಳ, ಹೋಗಂಗೇ ಇಲ್ಲ!"

ಮುಂಜಾನೆ ಕಟ್ಟಿಕೊಂಡು ಹೋಗಿ ಮಧ್ಯಾಹ್ನ ಬಿಚ್ಚುವ ಮಾತಾದ್ದರಿಂದ ಅವರೇ ಅದಕ್ಕೆ ಬುತ್ತಿಮಾತು ಎಂದು ಹೆಸರಿಟ್ಟರು. ದೇವೇಂದ್ರಪ್ಪನವರು ಮೊದಲ ದಿನ ಕೊಟ್ಟ ಮಾತು "ಕರೇ ಮ್ಯಾಕಿ." ಆಮೇಲೆ "ಗ್ವಾಡಿಗಿ ಸುಣ್ಣ." ಇನ್ನೊಂದು ದಿನ "ಮೊಮ್ಮಗಳ ಹಲ್ಲು." ಅವರ ಮನೆ ನಾನು ನೋಡಿರಲಿಲ್ಲ. ಆದರೂ ಆ ಮಾತುಗಳಿಂದಲೇ ಕಪ್ಪು ಮೇಕೆ ಕಟ್ಟಿದ, ಸುಣ್ಣ ಬಳಿದ ಗೋಡೆಯ ಒಂದು ಮನೆ ನನ್ನ ಕಣ್ಣಿಗೆ ಕಟ್ಟಿತು. ಅದರ ಬಾಗಿಲಲ್ಲಿ ಹೊಸ ಹಲ್ಲು ತೋರಿಸಿ ನಗುವ ಕೂಸೊಂದು ಕೂತಿರುತ್ತಿತ್ತು.

ಅಷ್ಟರಲ್ಲಿ ಹೊಸ ಎಂಜಿನಿಯರ್ ಬಂದರು. ಚೈತ್ರಾ ಮೇಡಂ, ಮಂಡ್ಯ ಕಡೆಯವರು, ನನ್ನ ಮಗಳ ವಯಸ್ಸು. ಅವರ ಕಾಲದಲ್ಲೇ ಮೊಬೈಲಿಗೆ ಹೊಸ ವ್ಯವಸ್ಥೆ ಬಂತು. ಎಲ್‌ಸಿ ಕೊಟ್ಟ ಕೂಡಲೇ ಲೈನ್‌ಮ್ಯಾನ್‌ನ ಫೋನಿಗೆ ಅಂಕಿಯ ಕೋಡ್ ಹೋಗುತ್ತದೆ, ಕೆಲಸ ಮುಗಿದ ಮೇಲೆ ಅವನು ಅದನ್ನು ಕಳಿಸಿದರೆ ಲೈನು ವಾಪಸ್ ಬಂದಂತೆ. ಬುತ್ತಿಮಾತಿನ ಸುದ್ದಿ ಕೇಳಿ ಮೇಡಂ ನಕ್ಕರು, ಹೀಯಾಳಿಸಿ ಅಲ್ಲ.

"ಚೆನ್ನಾಗಿದೆ ಹುಲಿಗೆಮ್ಮನವರೇ. ಆದ್ರೆ ಇದು ನಿಮ್ಮ ಮೇಲೆ ನಿಂತಿರೋ ಪದ್ಧತಿ. ನಾಳೆ ನೀವಿಲ್ದಿದ್ರೆ?"

ಅವರು ಅಂದದ್ದು ನಿಜವೇ. ಕೋಡಿನಲ್ಲಿ ಹುರುಳಿಲ್ಲ ಎಂದೂ ನಾನು ಅನ್ನಲಾರೆ. ಒಮ್ಮೆ ಬಾಗಲವಾಡದ ಕಡೆ ಹೋಗಬೇಕಾದ ಮಲ್ಲೇಶಿ ದಾರಿ ತಪ್ಪಿ ಬೇರೆ ಲೈನಿನ ಕಂಬದ ಕೆಳಗೆ ನಿಂತಿದ್ದ. ಎಲ್‌ಸಿ ಕೇಳುವಾಗಲೂ ನಾನು ಮಾತು ಕೇಳುತ್ತಿದ್ದೆ; ಅವನ ದನಿ ಸರಿ, ಬುತ್ತಿಮಾತು ಸರಿ, ನಾನು ಹತ್ತು ಅಂದೇಬಿಡುತ್ತಿದ್ದೆ. ಆದರೆ ಹತ್ತುವ ಮುಂಚೆ ಕಂಬದ ನಂಬರನ್ನೂ ಫೋನಿಗೆ ಒತ್ತಬೇಕಿತ್ತು; ಅವನು ಒತ್ತಿದ ನಂಬರನ್ನು ಫೋನು ಒಪ್ಪಲಿಲ್ಲ. ಮೇಡಂಗೆ ನಾನೇ ಹೋಗಿ ಹೇಳಿದೆ, "ನಿಮ್ಮ ಫೋನು ಗೆದ್ದಿತ್ರೀ." ಅವರು, "ಗೆಲ್ಲೋದೇನು ಬಂತು, ಮಲ್ಲೇಶಿ ಗೆದ್ದ" ಅಂದರು. ಅವತ್ತು ಆ ಹುಡುಗಿ ನನ್ನ ಮನಸ್ಸಿಗೆ ಬಂದಳು. ಆದರೂ ಅವರ ಸೂಚನೆ ಇತ್ತು: ಕೋಡ್ ಬಂದ ಮೇಲೆ ಮಾತಿಗಾಗಿ ಲೈನು ತಡೆಯಬೇಡಿ. ನಾನು ಹ್ಞೂಂ ಅನ್ನುತ್ತಿದ್ದೆ, ಕೇಳುವುದನ್ನೂ ಕೇಳುತ್ತಿದ್ದೆ.

ಬೇಸಿಗೆ ಮುಗಿದು ಶಾಲೆಗಳು ತೆರೆಯುವ ದಿನ. ದೇವೇಂದ್ರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಿವಿಯ ಹತ್ತಿರ ಬಗ್ಗಿ, "ಮೊಮ್ಮಗಳ ಸಾಲಿ" ಎಂದು ಹೇಳಿ, ನಾಚಿ, ಚೀಕಲಪರ್ವಿ ಕಡೆಯ ಹೊಳೆದಂಡೆಯ ಲೈನಿಗೆ ಹೊರಟರು. ಸುತ್ತಿನ ಊರುಗಳಿಗೆ ಕುಡಿಯುವ ನೀರು ಎತ್ತುವ ಪಂಪು ಆ ಲೈನಿನ ಮೇಲೇ ಇತ್ತು.

ಅವತ್ತು ಮೇಡಂ ನಮ್ಮ ಸ್ಟೇಷನ್ನಿನಲ್ಲೇ ಇದ್ದರು. ನೀರಿಲ್ಲ, ನೀರಿಲ್ಲ ಎಂದು ಮೇಲಿನ ಸಾಹೇಬರಿಂದ ಅವರಿಗೆ ಫೋನಿನ ಮೇಲೆ ಫೋನು. ಮಧ್ಯಾಹ್ನದ ಹೊತ್ತಿಗೆ ಟಿಣ್ ಎಂದು ಕೋಡ್ ಬಂತು. ಅಂಕಿ ಸರಿಯಿತ್ತು. ಹಿಂದೆಯೇ ದೇವೇಂದ್ರಪ್ಪನವರ ನಂಬರಿನಿಂದ ಫೋನು.

"ಕೋಡ್ ಬಂತೇನ್ರೀ? ಲೈನ್ ಹಾಕ್ರಿ."

ಗಾಳಿಯ ಸದ್ದು. ದನಿ ಅವರದರಂತೆಯೂ ಇತ್ತು, ಅಲ್ಲದಂತೆಯೂ ಇತ್ತು. "ಯಾರ್ರೀ?" ಎಂದೆ.

"ದೇವಿಂದ್ರಪ್ಪ ರೀ."

"ಬುತ್ತಿಮಾತು ಹೇಳ್ರಿ."

"ಏನ್ ಮಾತ್ರೀ?"

"ಮುಂಜಾನಿ ಕೊಟ್ಟ ಮಾತು."

"ಅಕ್ಕಾರ, ಮಂದಿ ಕೊಡ ಹಿಡಕೊಂಡು ಬಡದಾಡಾಕತ್ತಾರ. ಮಾತು ಆಮ್ಯಾಲ ಆಡೂಣು, ಮೊದ್ಲು ಕರೆಂಟ್ ಬಿಡ್ರಿ."

ಫೋನು ಕೆಳಗಿಟ್ಟೆ. ಮೇಡಂ ಕೇಳಿದರು, "ಕೋಡ್ ಸರಿಯಾಗಿದೆಯಲ್ಲಾ?"

"ಸರಿ ಅದ ರೀ. ಮಾತು ಬಂದಿಲ್ಲ."

"ಮರೆತಿರಬಹುದು ಹುಲಿಗೆಮ್ಮನವರೇ."

"ಮೊಮ್ಮಗಳು ಇವತ್ತ ಮೊದಲನೇ ದಿನ ಸಾಲಿಗಿ ಹೋಗ್ಯಾಳ್ರೀ. ಅದನ್ನ ಮರಿಯೋ ಮನುಷ್ಯ ಅಲ್ಲ."

ಮತ್ತೆ ಮೇಡಂ ಫೋನು ಬಡಿದುಕೊಂಡಿತು. ಮೇಡಂ ನನ್ನ ಕೈ ನೋಡಿದರು. ಅದು ಬೋರ್ಡಿನ ಮೇಲಿತ್ತು. ನನಗಿಂತ ದೊಡ್ಡ ಕಷ್ಟ ಅವರದು. ನಿಯಮದ ಪ್ರಕಾರ ಲೈನು ವಾಪಸ್ ಬಂದಾಗಿತ್ತು, ತಡೆದರೆ ಉತ್ತರ ಹೇಳಬೇಕಾದವರು ಅವರೇ. ಫೋನು ಎತ್ತಿ, "ಸರ್, ಲೈನ್ ಇನ್ನೂ ನಮ್ಮ ಕೈಗೆ ಬಂದಿಲ್ಲ. ನಾನೇ ಹೋಗ್ತಾ ಇದ್ದೀನಿ" ಎಂದರು. ಆ ಕಡೆಯಿಂದ ಜೋರು ಮಾತು ಕೇಳಿಸಿತು. ಮೇಡಂ ಮತ್ತೊಮ್ಮೆ ಅದನ್ನೇ ಹೇಳಿ ಫೋನಿಟ್ಟರು. ಜೀಪು ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಅವರ ಮಾತು ಬರೋವರೆಗೂ ನಾನು ಹೇಳಿದ್ರೂ ಹಾಕಬೇಡಿ" ಅಂದರು.

ಮತ್ತೆ ಫೋನು ಬರುವವರೆಗಿನ ಹೊತ್ತನ್ನು ಹೇಗೆ ಬರೆಯಲಿ? ಬೋರ್ಡು ನೇರ ಮಾಡಿದೆ. ನೇರವೇ ಇತ್ತು. ನಮ್ಮಪ್ಪ ನೆನಪಾದ. ಸಂಜೆ ಕುರಿಗಳು ದೊಡ್ಡಿಗೆ ಬಂದಾಗ ಅಣ್ಣ "ಎಲ್ಲಾ ಬಂದಾವಪ್ಪ" ಎಂದರೂ ಅಪ್ಪ ಬೇಲಿಯ ಗಳ ಎಳೆಯುತ್ತಿರಲಿಲ್ಲ. ಕೊನೆಯ ಕುರಿಯ ಬೆನ್ನು ಮುಟ್ಟಿಯೇ ಎಳೆಯುತ್ತಿದ್ದ. "ಅಂವ ಸುಳ್ಳು ಹೇಳಂಗಿಲ್ಲವಾ. ಆದ್ರ ಕುರಿ ಬಂದದ ಅಂತ ಕುರೀನೇ ಹೇಳಬೇಕು" ಎನ್ನುತ್ತಿದ್ದ. ಕಾಣದ್ದನ್ನು ಕಾಯುವುದು ಹೇಗೆ ಎಂದು ನನ್ನನ್ನು ಕೇಳಿದವನಿಗೆ ಉತ್ತರ ಮೊದಲೇ ಗೊತ್ತಿತ್ತು.

ಮೇಡಂ ಫೋನಿನಿಂದ ಕರೆ ಬಂತು. "ರಸ್ತೆ ಏರಿಗೆ ಬಂದಿದ್ದೀವಿ. ಇಲ್ಲೊಬ್ರು ಮಾತಾಡ್ತಾರೆ, ತಗೊಳ್ಳಿ."

"ಅಕ್ಕಾರ."

ಈ ಸಲ ಸಂಶಯವಿರಲಿಲ್ಲ. ಆದರೂ ಕೇಳಿದೆ, "ಇಳದ್ರೇನು?"

"ಇಳದೀನ್ರೀ. ಮ್ಯಾಲೇ ಇದ್ದೆ."

"ಮಾತು?"

ಸಣ್ಣ ದನಿಯಲ್ಲಿ, "ಮೊಮ್ಮಗಳ ಸಾಲಿ" ಎಂದರು.

ನಾನು ಬೋರ್ಡು ತೆಗೆದು ಸ್ವಿಚ್ಚು ಹಾಕಿದೆ. ಕಣ್ಣು ಮಂಜಾಗಿ ಮೀಟರಿನ ಮುಳ್ಳು ಕಾಣಲಿಲ್ಲ.

ಆದದ್ದು ಇಷ್ಟು. ಹೊಳೆದಂಡೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ರಸ್ತೆಯ ಏರಿಗೆ ಬರಬೇಕು. ಕೆಲಸ ಮುಗಿಯಿತೆಂದು ದೇವೇಂದ್ರಪ್ಪನವರು ಕೆಳಗಿಳಿದು, ತಮ್ಮ ರಕ್ಷಣೆಗೆ ಲೈನಿಗೆ ಸಿಕ್ಕಿಸಿದ್ದ ಅರ್ಥ್ ರಾಡನ್ನೂ ತೆಗೆದರು. ಪಂಪ್‌ಹೌಸಿನ ಕಾವಲುಗಾರ ತಿಮ್ಮಯ್ಯ, "ನಾ ಬೈಕಿನ ಮ್ಯಾಲ ಏರಿಗೆ ಹೋಗಿ ಕೋಡ್ ಕಳಸ್ತೀನಿ, ನೀ ಬಿಸಲಾಗ ಯಾಕ ನಡೀತಿ" ಎಂದು ಫೋನು ಕೇಳಿದ. ಕೊಟ್ಟರು. ಅವನು ಹೋದ ಮೇಲೆ ಸಾಮಾನು ಕಟ್ಟುತ್ತಾ ಮೇಲೆ ನೋಡಿದರೆ ತಂತಿ ಕೂರಿಸುವ ಪಿಂಗಾಣಿಯಲ್ಲಿ ಬಿರುಕು. ಹೀಗೇ ಬಿಟ್ಟರೆ ನಾಳೆ ಮತ್ತೆ ಊರಿಗೆ ನೀರಿಲ್ಲ ಎಂದು ಒಂದು ಗಳಿಗೆಯ ಕೆಲಸಕ್ಕೆ ರಾಡಿಲ್ಲದೆಯೇ ಮತ್ತೆ ಹತ್ತಿದರು. ತಿಮ್ಮಯ್ಯನ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೋಡ್ ದೇವೇಂದ್ರಪ್ಪನದು, ಆದ್ದರಿಂದ ಹೆಸರೂ ಅವನದೇ ಹೇಳಬೇಕು ಎಂದುಕೊಂಡಿದ್ದ. ಒಬ್ಬ ನೀರಿಗಾಗಿ, ಇನ್ನೊಬ್ಬ ನಾಳೆಯ ನೀರಿಗಾಗಿ. ಇಬ್ಬರ ಒಳ್ಳೆಯತನವೂ ಕೂಡಿ ಒಂದು ಜೀವ ಹೋಗುತ್ತಿತ್ತು.

ತಿಮ್ಮಯ್ಯ ಮರುದಿನ ಸ್ಟೇಷನ್ನಿಗೆ ಬಂದು ಬೇಲಿಯ ಹೊರಗೆ ಕೂತು ಅತ್ತ. ದೇವೇಂದ್ರಪ್ಪನವರೇ ಹೋಗಿ, "ಏಳೋ ಮಾರಾಯ, ಸಾಯಬೇಕಾದಾಂವ ನಾನೇ ಅಳವಲ್ಲೆ, ನೀ ಯಾಕ ಅಳ್ತಿ" ಎಂದು ಚಹಾ ಕುಡಿಸಿದರು. ಮೇಡಂ ದೇವೇಂದ್ರಪ್ಪನವರಿಗೆ ಎಚ್ಚರಿಕೆಯ ನೋಟಿಸ್ ಕೊಟ್ಟರು. ಅವರು ತಲೆಬಾಗಿ ತಗೊಂಡರು. ನನಗೂ ಅದು ಸರಿಯೆನಿಸಿತು. ಪ್ರೀತಿಯಿದ್ದ ಕಡೆ ನೋಟಿಸ್ ಇರಬಾರದು ಎಂದೇನಿಲ್ಲ. ಸಿಗ್ನಲ್ ಇಲ್ಲದ ಕಡೆ ಕೆಲಸ ಮಾಡಿದವರು, ಎಷ್ಟು ತಡವಾದರೂ, ತಾವೇ ಏರಿಗೆ ಬಂದು ಲೈನು ವಾಪಸ್ ಕೊಡಬೇಕು ಎಂದು ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದರು. ಕೋಡ್ ಬಂದ ಮೇಲೂ ಮಾತು ಕೇಳಬೇಕು ಎಂದು ಅವರ ಬಾಯಿಂದಲೇ ಬಂತು.

ಆಮೇಲೆ ಲೈನು ನೋಡಲು ತಾವು ಹೊರಟಾಗಲೂ ಮೇಡಂ ಬುತ್ತಿಮಾತು ಕೊಟ್ಟು ಹೋಗುತ್ತಿದ್ದರು. ಅವರಿಗೆ ಊಟದ ಮಾತೇ ಇಷ್ಟ. ಮೊದಲ ದಿನ ಗೇಟಿನಲ್ಲಿ ಎಲ್ಲರಿಗೂ ಕೇಳುವಂತೆ, "ಬಸ್ಸಾರು!" ಎಂದರು.

ಮಲ್ಲೇಶಿ ಕಣ್ಣು ಬಿಟ್ಟ. "ಬಸ್ಸಿನ್ಯಾಗ ಬರ್ತದೇನ್ರೀ ಮೇಡಂ ಆ ಸಾರು?"

"ಹೂಂ, ಮಂಡ್ಯದಿಂದ. ನಿಮ್ಮೂರಿಗೆ ಬರೋ ಹೊತ್ತಿಗೆ ಹಳಸುತ್ತೆ."

ನನ್ನ ಕೊನೆಯ ದಿನ ಬಂತು. ನನ್ನ ಜಾಗಕ್ಕೆ ಸುಜಾತಾ ಎಂಬ ಹೊಸ ಆಪರೇಟರ್ ಬಂದು ಕೆಲಸ ಕಲಿತಿದ್ದಳು. ಆ ದಿನದ ಪಾಳಿ ಅವಳದೇ, ನಾನು ಬರೀ ಕೂತಿದ್ದೆ. ಮುಂಜಾನೆ ಎಲ್ಲರೂ ಅವಳ ಕಿವಿಯಲ್ಲಿ ಮಾತು ಹೇಳಿ ಹೋದರು. ಕೊನೆಗೆ ದೇವೇಂದ್ರಪ್ಪನವರು ಬಂದರು. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದರು. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತಿನ ಮಾತು ಇದರಾಗ ಅದ ರೀ ಅಕ್ಕಾರ" ಎಂದು ಮುಚ್ಚಳ ತೆಗೆದರು. "ಮನಿಯಾಕಿ ನಿಮಗಂತ ಜಾಸ್ತಿ ಕಟ್ಟ್ಯಾಳ. ಅಳತಿ ತಪ್ಪಿಲ್ಲ, ಬೇಕಂತನೇ."

ಖಾದರ್ ಸಾಬರ ಕಥೆಯನ್ನು ನಾನು ಯಾವಾಗಲೋ ಹೇಳಿದ್ದು ಅವರಿಗೆ ನೆನಪಿತ್ತು. ನಾನು, ಸುಜಾತಾ, ಮೇಡಂ ಮೂವರೂ ಒಂದೊಂದು ರೊಟ್ಟಿ ಮುರಿದು ಆ ಡಬ್ಬಿಯಿಂದಲೇ ಉಂಡೆವು. ದೇವೇಂದ್ರಪ್ಪನವರು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು. "ಖಾರ ಆತೇನ್ರೀ?" ಎಂದು ಕೇಳಿದರು. ಮೇಡಂ ಮೂಗು ಒರೆಸಿಕೊಂಡು, "ಆಯ್ತು, ಇನ್ನೊಂಚೂರು ಹಾಕಿ" ಅಂದರು. ಉಳಿದದ್ದನ್ನು ಕಟ್ಟಿಕೊಂಡು ಅವರು ಲೈನಿಗೆ ಹೋದರು.

ಮಧ್ಯಾಹ್ನ ಕೋಡ್ ಬಂತು, ಹಿಂದೆ ಫೋನೂ ಬಂತು. ಸುಜಾತಾ ಸ್ಪೀಕರ್ ಹಾಕಿದಳು. ನಾನು ಏನೂ ಹೇಳಿಕೊಡಲಿಲ್ಲ.

"ಅಣ್ಣಾರ, ಇಳದ್ರೇನ್ರೀ?"

"ಇಳದೀನವಾ."

"ಬುತ್ತಿಮಾತು?"

ಅವರು ಹೇಳಿದರು. ಡಬ್ಬಿಯಲ್ಲಿದ್ದ ಪಲ್ಯದ ಹೆಸರನ್ನು, ಪಕ್ಕದಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಕಂಬ ಹತ್ತುವವರ ದೊಡ್ಡ ದನಿಯಲ್ಲಿ ಹೇಳಿದರು. ಸುಜಾತಾ ಬೋರ್ಡು ತೆಗೆದು ಸ್ವಿಚ್ಚು ಹಾಕಿದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಮಾತು ಅವರದು, ಹೇಳುವುದಿದ್ದರೆ ಅವರೇ ಹೇಳಬೇಕು.